ಮಡಂತ್ಯಾರಿಗೆ ಬಂದ ಬೀಡು

ದಮಯಂತಿ ಮಾಮಿ ತೀರಿಕೊಂಡ ದಿನ ಮನೆಗೆ ಬಂದವರೆಲ್ಲ ಮೊದಲು ಚಾವಡಿಯ ಕಂಬ ಮುಟ್ಟಿ ನೋಡಿದರು, ಆಮೇಲೆ ಮಾಮಿಯ ಮುಖ ನೋಡಿದರು. "ಪುಣ್ಯವಂತೆ ಮಾರಾಯ್ರೆ, ಬೇಕೆಂದ ಮನೆಯಲ್ಲೇ ಕಣ್ಣು ಮುಚ್ಚಿದಳು" ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಅದು ೧೯೬೬ನೇ ಇಸವಿ. ಸಾವಿನ ಮನೆಯಲ್ಲಿ ಜಗಳ ಬೇಡವೆಂದು ನಾನು ಹಲ್ಲು ಕಚ್ಚಿ ಸುಮ್ಮನಿದ್ದೆ, ಇಲ್ಲದಿದ್ದರೆ ಅವತ್ತೇ ನಾಲ್ಕು ಮಾತು ಅಂದು ಕಳಿಸುತ್ತಿದ್ದೆ. ಈಗ ಹೇಳುತ್ತೇನೆ. ಮಾಮಿ ಬೇಕೆಂದ ಮನೆಯಲ್ಲಿ ಸಾಯಲಿಲ್ಲ. ಒಂದು ಹಳೆಯ ಮನೆಯನ್ನು ಕೊಳ್ಳಲು ಅರ್ಧ ದೇಶ ದಾಟಿ ಬಂದರು, ಕೊಂಡರು ಕೂಡ. ಆದರೆ ಆ ಮನೆ ಅವರಿಗೆ ಸಿಗಲೇ ಇಲ್ಲ.

ಮಾಮಿ ನನ್ನ ಅಪ್ಪ ಲೋಕಯ್ಯನವರ ಒಬ್ಬಳೇ ತಂಗಿ. ಅವರ ತಾಯಿ, ಅಂದರೆ ನನ್ನ ಅಜ್ಜಿ, ಗುರುವಾಯನಕೆರೆಯಿಂದ ಒಳಗೆ ಗದ್ದೆ ದಾಟಿದರೆ ಸಿಗುವ ಒಂದು ಬೀಡಿನಲ್ಲಿ ಕೆಲಸಕ್ಕಿದ್ದರು. ಬೀಡು ಎಂದರೆ ಜೈನ ಒಡೆಯರ ದೊಡ್ಡ ಮನೆ. ಅಲ್ಲಿಯ ಯಜಮಾನಿ ಅನಂತಮತಿ ಅಮ್ಮನಿಗೆ ಮಕ್ಕಳಿರಲಿಲ್ಲ. ಕೈಕೆಲಸಕ್ಕೆ ಒಬ್ಬಳು ಇರಲಿ ಎಂದು ಅವರು ಮಾಮಿಯನ್ನು ಸಣ್ಣ ಹುಡುಗಿಯಾಗಿದ್ದಾಗಲೇ ಬೀಡಿನಲ್ಲಿ ಇಟ್ಟುಕೊಂಡರು. ಮದುವೆಯಾಗಿ ಹೋಗುವ ತನಕ ಮಾಮಿ ಅಲ್ಲೇ ಬೆಳೆದದ್ದು. ಅಪ್ಪ ಹೊರಗೆ ಕೋಣ ಮೇಯಿಸಿದರು, ಮಾಮಿ ಒಳಗೆ ಓಡಾಡಿದರು. ಬೀಡಿನ ಅಂಗಳದ ಲೆಕ್ಕ ಅಪ್ಪನಿಗೆ ಗೊತ್ತು, ಒಳಗಿನದ್ದು ಮಾಮಿಗೆ.

ಜೈನರ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಅನಂತಮತಿ ಅಮ್ಮ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ದೀಪಕ್ಕೆ ಹುಳ ಬಿದ್ದು ಸಾಯುತ್ತವೆ ಎಂದು ಮಳೆಗಾಲ ಪೂರ್ತಿ ಸಂಜೆಯ ಮೇಲೆ ದೀಪವನ್ನೇ ಹಚ್ಚಗೊಡುತ್ತಿರಲಿಲ್ಲ. ಮೊದಲೇ ಆ ಮನೆಯೊಳಗೆ ಹಗಲಲ್ಲೂ ಬೆಳಕು ಕಡಿಮೆ. ಮೊಣಕಾಲೆತ್ತರದ ಹೊಸ್ತಿಲುಗಳು, ಎಂಥ ಕುಳ್ಳನಾದರೂ ತಲೆ ಬಗ್ಗಿಸಬೇಕಾದ ಬಾಗಿಲುಗಳು. ಅಂಥ ಮನೆಯಲ್ಲಿ ಅಮ್ಮನಿಗೆ ನೀರು ಬೇಕು, ಬಟ್ಟೆ ಬೇಕು, ಜಪಮಾಲೆ ಬೇಕು ಎಂದರೆ ಎಲ್ಲವನ್ನೂ ಕತ್ತಲೆಯಲ್ಲೇ ತಂದುಕೊಡಬೇಕು. ಮೊದಮೊದಲು ಮಾಮಿ ಹಣೆ ಒಡೆದುಕೊಂಡು ಅಳುತ್ತಿದ್ದರಂತೆ. ಎರಡು ಮಳೆಗಾಲ ಕಳೆಯುವಾಗ ಚಾವಡಿಯಿಂದ ನಡುಮನೆಗೆ, ನಡುಮನೆಯಿಂದ ಅಡುಗೆಮನೆಗೆ, ಅಲ್ಲಿಂದ ಹಿಂದಿನ ಬಾವಿಕಟ್ಟೆಗೆ ಬಿಂದಿಗೆ ಹಿಡಿದು ಓಡುವಷ್ಟಾದರು. "ನನ್ನ ಪಾದದಲ್ಲಿ ಕಣ್ಣು ಉಂಟು" ಎಂದು ನಗುತ್ತಿದ್ದರು.

ಮದುವೆಯಾದದ್ದು ಪುಂಜಾಲಕಟ್ಟೆ ಕಡೆಯ ರುಕ್ಮಯ್ಯ ಮಾವನಿಗೆ. ಅವರು ಯಾರದೋ ಬೆನ್ನು ಹಿಡಿದು ಜಬಲ್ಪುರಕ್ಕೆ ಹೋಗಿ ಅಲ್ಲೊಂದು ಕಾರ್ಖಾನೆಗೆ ಸೇರಿದ್ದರು. ಒಳ್ಳೆಯ ಮನುಷ್ಯ, ಆದರೆ ಅವರ ಬಾಯಿಂದ ಒಂದು ಮಾತು ಹೊರಡಿಸಬೇಕಾದರೆ ಕಾಲು ಹಿಡಿಯಬೇಕು. ಮಾಮಿ ಇಪ್ಪತ್ತು ವರ್ಷ ಅಲ್ಲಿ ಕ್ವಾರ್ಟರ್ಸಿನ ಎರಡು ಕೋಣೆಯಲ್ಲಿ ಸಂಸಾರ ಮಾಡಿದರು, ಹಿಂದಿ ಕಲಿತರು, ಗೋಧಿ ರೊಟ್ಟಿ ಸುಟ್ಟರು. ಮಕ್ಕಳಾಗಲಿಲ್ಲ. ೧೯೫೭ರ ಹೊತ್ತಿಗೆ ಕಣ್ಣು ಮಸುಕಾಗತೊಡಗಿತು. ಕಣ್ಣಿನ ನರವೇ ಸೋತಿದೆ, ಆಪರೇಷನ್ ಮಾಡಿದರೂ ಪ್ರಯೋಜನವಿಲ್ಲ, ಇಂದಲ್ಲ ನಾಳೆ ಪೂರ್ತಿ ಹೋಗುತ್ತದೆ ಎಂದು ಅಲ್ಲಿಯ ಡಾಕ್ಟರು ಹೇಳಿಬಿಟ್ಟರು.

ಮರುವರ್ಷ ಒಂದು ದಿನ ಮಾಮಿ ಉರಿಯುವ ಇದ್ದಿಲ ಸಿಗಡಿಯ ಮೇಲೆ ಕೈ ಇಟ್ಟರು. ಮಾವ ಕೆಲಸದಿಂದ ಬಂದಾಗ ಅಂಗೈ ತುಂಬ ಬೊಕ್ಕೆ. ಆವತ್ತು ಮಾಮಿ ಅತ್ತದ್ದು ಉರಿಗಲ್ಲ. "ನನ್ನನ್ನು ಬೀಡಿಗೆ ಕರ್ಕೊಂಡು ಹೋಗಿ. ಅಲ್ಲಿ ನನಗೆ ಕಣ್ಣು ಬೇಡ. ಅಲ್ಲಿ ನಿಮಗೆ ಗಂಜಿ ಮಾಡಿ ಹಾಕ್ತೇನೆ, ನೀರು ಎಳೀತೇನೆ, ಯಾರ ಕೈಯನ್ನೂ ಹಿಡಿಯುವುದಿಲ್ಲ" ಎಂದರಂತೆ. ನಲವತ್ತು ದಾಟಿದ ಹೆಂಗಸು, ಮುಂದಿನ ಬದುಕಿಡೀ ಇನ್ನೊಬ್ಬರ ಕೈ ಹಿಡಿದು ಬಚ್ಚಲಿಗೆ ಹೋಗುವುದೋ, ತನ್ನ ಕಾಲ ಮೇಲೆ ತಾನು ಓಡಾಡುವುದೋ ಎನ್ನುವುದು ಆ ಒಂದು ಮನೆಯ ಮೇಲೆ ನಿಂತಿತ್ತು. ಮಾವ ಕೆಲಸಕ್ಕೆ ರಾಜೀನಾಮೆ ಕೊಡುವುದೆಂದು ನಿಶ್ಚಯ ಮಾಡಿದರು.

ಆ ವರ್ಷದ ದೀಪಾವಳಿಗೆ ಮಾವ ಒಬ್ಬರೇ ಊರಿಗೆ ಬಂದರು. ಅನಂತಮತಿ ಅಮ್ಮ ತೀರಿಹೋಗಿ ಬೀಡು ಅವರ ತಂಗಿಯ ಮಗ ಜಯವರ್ಮರಿಗೆ ಬಂದಿತ್ತು. ಅವರು ಮೂಡಬಿದಿರೆಯಲ್ಲಿ ಹೊಸ ಮನೆ ಕಟ್ಟಿ, ಬೀಡಿನಲ್ಲಿದ್ದ ಮನೆತನದ ದೈವವನ್ನೂ ಅಲ್ಲಿಗೆ ಕೊಂಡುಹೋಗಿ ಪ್ರತಿಷ್ಠೆ ಮಾಡಿಯಾಗಿತ್ತು. ಬೀಡು ಬೀಗ ಹಾಕಿ ಬಿದ್ದಿತ್ತು. ಮಾವ ಕೇಳಿದರು, ಅವರು ಕೊಡುತ್ತೇನೆಂದರು, ಮಾತು ಮುಗಿಯಿತು. ಜಬಲ್ಪುರಕ್ಕೆ ಮರಳುವ ದಿನ ಮಾವ ಅಪ್ಪನ ಹತ್ತಿರ ಹೇಳಿದ್ದನ್ನು ನಾನೇ ಬೀಡಿ ಕಟ್ಟುತ್ತಾ ಕೇಳಿದ್ದೇನೆ.

"ಅವಳಿಗೆ ಆ ಮನೆಯೇ ಬೇಕಂತೆ ಭಾವ. ಕಣ್ಣು ಬೇರೆ ಸ್ವಲ್ಪ ಮಂದ."

"ಆಯ್ತು ಭಾವ, ಮುಂದಿನದ್ದು ನನಗೆ ಬಿಡಿ. ನೀವು ಬರುವಾಗ ಮನೆ ತಯಾರು ಇರ್ತದೆ."

ಅಷ್ಟೇ. ಹೆಂಡತಿ ಕುರುಡಿಯಾಗುತ್ತಾಳೆ ಎಂದು ಬಾಯಿಬಿಟ್ಟು ಹೇಳಲು ಆ ಮನುಷ್ಯನಿಂದ ಆಗಲಿಲ್ಲ. ಅದನ್ನು ಹೇಳದಿದ್ದ ಮೇಲೆ ಆ ಮನೆಯೇ ಯಾಕೆ ಎನ್ನುವುದನ್ನು ಹೇಗೆ ಹೇಳುವುದು?

ನಮ್ಮ ಕಡೆಯಲ್ಲಿ ಹಳೆಯ ಬೀಡನ್ನೋ ಗುತ್ತಿನ ಮನೆಯನ್ನೋ ಕೊಂಡವರು ಅದರಲ್ಲಿ ಕೂರುವ ಪದ್ಧತಿ ಇಲ್ಲ. ಇನ್ನೊಂದು ಮನೆತನದ ದೈವ ಇದ್ದ ಜಾಗ, ಅವರ ಹಿರಿಯರು ಸತ್ತ ಜಾಗ. ಅಲ್ಲಿ ಬೇರೆಯವರು ಒಲೆ ಹಚ್ಚಿದರೆ ಏಳಿಗೆ ಇಲ್ಲ ಎನ್ನುತ್ತಾರೆ. ಕೊಂಡವರು ಮನೆ ಬಿಚ್ಚುತ್ತಾರೆ. ಕಂಬ, ತೊಲೆ, ಬಾಗಿಲು ಎಲ್ಲ ಗಾಡಿಗೆ ಹಾಕಿ ತಮ್ಮ ಜಾಗಕ್ಕೆ ತಂದು ಅಲ್ಲಿ ಕಟ್ಟಿಕೊಳ್ಳುತ್ತಾರೆ. ಅಡಿಸ್ಥಳ ಹಳಬರಿಗೇ ಉಳಿಯುತ್ತದೆ. ಜಯವರ್ಮರೂ ಅಪ್ಪನಿಗೆ ಅದನ್ನೇ ಹೇಳಿದರು, "ಮರಕ್ಕೆ ದೋಷ ಇಲ್ಲ ಲೋಕಯ್ಯ, ಒಳ್ಳೆ ದಿನ ನೋಡಿ ಬಿಚ್ಚಿಸು." ಮಾವ ಊರು ಬಿಟ್ಟು ಇಪ್ಪತ್ತು ವರ್ಷವಾಗಿ ಇದೆಲ್ಲ ಅವರ ತಲೆಯಿಂದ ಹೋಗಿತ್ತು. ಅಪ್ಪ ಊರು ಬಿಟ್ಟವರೇ ಅಲ್ಲ. ಬೇರೆ ತರ ಇರಬಹುದು ಎಂದು ಅವರಿಗೆ ಹೊಳೆಯುವುದಾದರೂ ಹೇಗೆ? ಬೈಯುವುದಾದರೆ ಯಾರನ್ನು ಬೈಯಲಿ ಎಂದು ನನಗೆ ಇವತ್ತಿಗೂ ಗೊತ್ತಾಗುವುದಿಲ್ಲ, ಅದೇ ನನ್ನ ಸಿಟ್ಟು.

ಜನವರಿಯಲ್ಲಿ ಕೆಲಸ ಶುರುವಾಯಿತು. ಮಡಂತ್ಯಾರಿನಲ್ಲಿ ರಸ್ತೆ ಬದಿಗೆ ನಮ್ಮದೊಂದು ತುಂಡು ಜಾಗ ಇತ್ತು, ಅದನ್ನು ಅಪ್ಪ ತಂಗಿಗೆ ಕೊಟ್ಟರು. ಅಪ್ಪ ಆ ಮನೆಗಾಗಿ ದುಡಿದದ್ದು ಅಷ್ಟಿಷ್ಟಲ್ಲ. ಬೀಡಿನ ಮಾಡಿಗೆ ತಾವೇ ಹತ್ತಿ ಸೂರಿನ ಪಕಾಸು ಪಟ್ಟಿಗಳನ್ನು ಇಳಿಸಿದರು. ಕಂಬಕ್ಕೆ ಗೀರು ಬೀಳಬಾರದೆಂದು ಬೈಹುಲ್ಲು ಸುತ್ತಿಸಿದರು. ಗೋಡೆಯ ಹಳೆ ಮಣ್ಣು ಗದ್ದೆಗೆ ಒಳ್ಳೆ ಗೊಬ್ಬರ, ಅದನ್ನು ಅಲ್ಲಿಯ ಒಕ್ಕಲು ಜತ್ತಪ್ಪ ಹೆಡಿಗೆಯಲ್ಲಿ ಹೊತ್ತು ತನ್ನ ಗದ್ದೆಗೆ ಹಾಕಿದ. ಮೆಲ್ಕಾರಿನ ಮರದ ವ್ಯಾಪಾರಿ ಮಮ್ಮು ಬ್ಯಾರಿ ಚಾವಡಿಯ ಗಿಳಿ ಕೆತ್ತಿದ ಕಂಬದ ಮೇಲೆ ಕಣ್ಣು ಹಾಕಿ ಮೂರು ಸಲ ಬಂದರು. "ಲೋಕಯ್ಯಣ್ಣ, ಅದೊಂದನ್ನು ನನಗೆ ಕೊಡಿ" ಎಂದರೆ ಅಪ್ಪ, "ನನ್ನ ಕೈ ಬೇಕಾದರೆ ಕೊಡ್ತೇನೆ, ಕಂಬ ಕೊಡುವುದಿಲ್ಲ. ಅದು ನನ್ನ ತಂಗಿಯ ಮನೆ" ಎಂದು ಅಟ್ಟಿದರು.

ಕಣ್ಣು ಮಂದವಾದ ತಂಗಿಗೆ ಮನೆ ಹೇಗಿರಬೇಕು ಎಂದು ಅಪ್ಪ ತಿಂಗಳುಗಟ್ಟಲೆ ಯೋಚನೆ ಮಾಡಿದ್ದರು. ಎಡವಬಾರದೆಂದು ಎತ್ತರದ ಹೊಸ್ತಿಲು ಒಂದನ್ನೂ ಇಡಲಿಲ್ಲ, ಎಲ್ಲ ಸೀಳಿ ಅಟ್ಟದ ಹಲಗೆ ಮಾಡಿಸಿದರು. ತಲೆ ತಾಗಬಾರದೆಂದು ಬಾಗಿಲಿನ ಚೌಕಟ್ಟುಗಳ, ಅಂದರೆ ದಾರಂದಗಳ ಕೆಳಗೆ ಕಲ್ಲು ಕೊಟ್ಟು ಎತ್ತರಿಸಿದರು. ಬೆಳಕಿರಲೆಂದು ದೊಡ್ಡ ಕಿಟಕಿ ಇಡಿಸಿದರು. ಹೊಸ ಮಾಡಿಗೆ ಕಂಬ ಉದ್ದವಾದಾಗ ಬುಡದಲ್ಲಿ ಒಂದು ಮೊಳ ಕತ್ತರಿಸಿದರು. ಬಾವಿ ದೂರವಾಗಬಾರದೆಂದು ಬಚ್ಚಲಿಗೆ ತಾಗಿಯೇ ತೋಡಿಸಿದರು. ನೋಡಿದವರು ಇಂಥ ಅಣ್ಣ ಎಲ್ಲಿ ಸಿಗುತ್ತಾನೆ ಎಂದರು. ನಾನೂ ಹಾಗೇ ಅಂದುಕೊಂಡೆ. ಜಬಲ್ಪುರಕ್ಕೆ ಏನೂ ತಿಳಿಸಬೇಡಿ, ಬಂದಾಗಲೇ ನೋಡಲಿ ಎಂದು ಅಪ್ಪ ನಮ್ಮೆಲ್ಲರ ಬಾಯಿ ಕಟ್ಟಿದ್ದರು.

೧೯೫೯ರ ಮೇ ತಿಂಗಳಲ್ಲಿ ಅವರು ಬಂದರು. ಜಬಲ್ಪುರದಿಂದ ಇಟಾರ್ಸಿ, ಅಲ್ಲಿಂದ ಮದ್ರಾಸು, ಮದ್ರಾಸಿನಿಂದ ಮಂಗಳೂರು. ಅಪ್ಪ ಮತ್ತು ನಾನು ಸ್ಟೇಷನ್ನಿಗೆ ಹೋಗಿದ್ದೆವು. ಮಾವನ ಭುಜ ಹಿಡಿದು ಮಾಮಿ ರೈಲಿನಿಂದ ಇಳಿದದ್ದು ನೋಡಿ ಅಪ್ಪನ ಮುಖ ಬಿಳಿಚಿತು. ಮಂದವೆಂದರೆ ಇಷ್ಟೆಂದು ಯಾರಿಗೂ ಗೊತ್ತಿರಲಿಲ್ಲ. ಮಾಮಿಯ ಕಣ್ಣಿಗೆ ಆಗಲೇ ಪೂರ್ತಿ ಕತ್ತಲೆ. ಅಪ್ಪ ನನ್ನ ಕಿವಿಯಲ್ಲಿ, "ಹೊಸ್ತಿಲು ತೆಗೆಸಿದ್ದು ಎಷ್ಟು ಒಳ್ಳೆದಾಯ್ತು ನೋಡು" ಎಂದರು.

ಬಸ್ಸಿನಲ್ಲಿ ಮಾಮಿ ಕಿಟಕಿ ಬದಿಗೆ ಕೂತು ದಾರಿಯುದ್ದಕ್ಕೂ ಮಾತಾಡಿದರು. ಬಂಟ್ವಾಳ ಬಂದದ್ದು ಮೀನಿನ ವಾಸನೆಯಲ್ಲೇ ಗೊತ್ತಾಯಿತಂತೆ. "ನಾಳೆ ಬೆಳಿಗ್ಗೆ ನೀನು ನೋಡು, ನಿನಗೆ ನಾನೇ ಕಾಫಿ ಮಾಡಿ ತಂದು ಕೊಡ್ತೇನೆ. ಒಂದು ತೊಟ್ಟು ಚೆಲ್ಲುವುದಿಲ್ಲ" ಎಂದು ನನ್ನ ಕೈ ಅದುಮಿದರು. ಕುರುಡಾದ ಮೇಲೂ ಇಷ್ಟು ಖುಷಿಯೇ ಎಂದು ನನಗೆ ಆಶ್ಚರ್ಯ. ಮಡಂತ್ಯಾರಿನಲ್ಲಿ ಬಸ್ಸು ನಿಂತಾಗ ಅಪ್ಪ, "ಇಳಿಯುವ" ಎಂದರು.

"ಇದು ಗುರುವಾಯನಕೆರೆ ಅಲ್ಲವಲ್ಲ ಅಣ್ಣ?"

"ಅಲ್ಲ. ನೀನು ಇಳಿ, ಆಮೇಲೆ ಹೇಳ್ತೇನೆ."

ಮಾಮಿಯನ್ನು ಕೈ ಹಿಡಿದು ಚಾವಡಿಗೆ ಹತ್ತಿಸಿ ಅಪ್ಪ ಅವರ ಅಂಗೈಯನ್ನು ಗಿಳಿಯ ಕಂಬದ ಮೇಲಿಟ್ಟರು. ಮಾಮಿಯ ಬೆರಳು ಗಿಳಿಯ ಕೊಕ್ಕಿನ ಮೇಲೆ ಹರಿಯಿತು. ಮುಖ ಅರಳಿತು. "ಬೀಡಿನ ಕಂಬ!" ಎಂದರು. ಕಂಬ ಬಿಟ್ಟು, ತಲೆ ಬಗ್ಗಿಸಿ, ಬಲಗಾಲನ್ನು ಎತ್ತರಕ್ಕೆ ಎತ್ತಿ ಎಡಕ್ಕೆ ತಿರುಗಿ ಒಂದು ದೊಡ್ಡ ಹೆಜ್ಜೆ ಇಟ್ಟರು. ಅಲ್ಲಿ ಗೋಡೆ ಇತ್ತು. ಹಣೆ ಬಡಿದ ಸದ್ದಿಗೆ ಮಾವ ಓಡಿ ಬಂದು ಹಿಡಿದುಕೊಂಡರು.

"ಬಾಗಿಲು ಎಲ್ಲಿ?" ಎಂದರು ಮಾಮಿ.

ಅಪ್ಪನಿಗೆ ಇನ್ನು ತಡೆಯಲಾಗಲಿಲ್ಲ. "ಬೀಡನ್ನೇ ನಿನ್ನ ಕಾಲಬುಡಕ್ಕೆ ತಂದಿದ್ದೇನೆ ದಮಯಂತಿ! ಒಂದು ಗೂಟ ಕೂಡ ಅಲ್ಲಿ ಬಿಡಲಿಲ್ಲ. ಬಾಗಿಲು ಈಗ ಬಲಕ್ಕೆ. ಹೊಸ್ತಿಲೇ ಇಲ್ಲ. ನೀನು ಹಾಯಾಗಿ ಇರಬಹುದು."

ಮಾವ ಆಗ ಅಪ್ಪನನ್ನು ನೋಡಿದ ನೋಟವನ್ನು ನಾನು ನೋಡಿದೆ, ಅರ್ಥ ಮಾತ್ರ ಆಗಲಿಲ್ಲ. ಮಾಮಿ ಹಣೆ ಒತ್ತಿಕೊಂಡರು. ಆಮೇಲೆ ಕೈ ಚಾಚಿ ಅಪ್ಪನ ಕೈಯನ್ನು ಹುಡುಕಿ ಹಿಡಿದರು. ಆ ಕೈಯಲ್ಲಿ ನಾಲ್ಕು ತಿಂಗಳ ಕೆಲಸದ ಜಡ್ಡು ಇತ್ತು. ಅದನ್ನು ಸವರಿ ನೋಡಿ, "ತುಂಬ ಒಳ್ಳೆದಾಯ್ತು ಅಣ್ಣ" ಎಂದರು.

ಮರುದಿನ ಬಚ್ಚಲಿನಲ್ಲಿ ಬೆನ್ನು ಉಜ್ಜುತ್ತಿದ್ದಾಗ ಮಾಮಿ ನನ್ನ ಹತ್ತಿರ ಎಲ್ಲ ಹೇಳಿದರು. ಸಿಗಡಿಯ ಮೇಲೆ ಕೈ ಇಟ್ಟದ್ದು, ಬೀಡಿನ ಕತ್ತಲೆ, ಅಲ್ಲಿ ತನಗೆ ಕಣ್ಣು ಬೇಡವಾಗಿದ್ದದ್ದು. ಹೇಳುತ್ತಾ ಅತ್ತರು. ನಾನು ಉಜ್ಜುವುದನ್ನು ಬಿಟ್ಟು ಎದ್ದು ನಿಂತೆ. "ಈಗಲೇ ಅಪ್ಪನಿಗೆ ಹೇಳ್ತೇನೆ. ಬೇಕಾದರೆ ಪುನಃ ಅಲ್ಲೇ ಕಟ್ಟಲಿ" ಎಂದೆ.

"ಏನು ಕಟ್ಟುವುದು ಮಗಾ? ಕಂಬ ಕತ್ತರಿಸಿ ಆಯ್ತು. ಮಣ್ಣು ಗದ್ದೆಗೆ ಹೋಯ್ತು. ನಮ್ಮ ಕೈಯಲ್ಲಿದ್ದದ್ದೆಲ್ಲ ಇದಕ್ಕೇ ಮುಗಿಯಿತು. ನೀನು ಹೇಳಿದರೆ ಅಣ್ಣ ಮತ್ತೆ ಅನ್ನ ಬಾಯಿಗಿಡುವುದಿಲ್ಲ. ನನ್ನ ಮೇಲೆ ಆಣೆ, ಹೇಳಬೇಡ."

ಆಣೆ ಹಾಕಿದ ಮೇಲೆ ನಾನೇನು ಮಾಡಲಿ? ಬಾಯಿ ಹೊಲಿದುಕೊಂಡೆ.

ಹೊಸ ಮನೆಯನ್ನು ಕಲಿಯಲು ಮಾಮಿ ಪ್ರಯತ್ನ ಮಾಡಲಿಲ್ಲ ಎಂದಲ್ಲ. ಮಾಡಿದರು. ಆದರೆ ಆ ಮನೆಯಲ್ಲಿ ಎಲ್ಲವೂ ಗುರುತಿನದ್ದೇ ಆಗಿ ಒಂದೂ ತನ್ನ ಜಾಗದಲ್ಲಿ ಇರಲಿಲ್ಲ. ನಡುಮನೆಯ ಕಂಬ ಸಿಕ್ಕಿತೆಂದು ಕಾಲು ತಾನಾಗಿ ಅಡುಗೆಮನೆಗೆ ತಿರುಗಿದರೆ ಅಲ್ಲಿ ಜಗಲಿ, ಧೊಪ್ಪೆಂದು ಅಂಗಳಕ್ಕೆ ಬೀಳುತ್ತಿದ್ದರು. ಗೊತ್ತೇ ಇಲ್ಲದ ಮನೆಯಾಗಿದ್ದರೆ ಒಂದು ವರ್ಷದಲ್ಲಿ ಕಲಿಯುತ್ತಿದ್ದರೇನೋ. ಗೊತ್ತಿದ್ದ ಮನೆ ಅವರ ಕಾಲನ್ನು ಪ್ರತಿ ಸಲ ತಪ್ಪು ದಾರಿಗೆ ಎಳೆಯುತ್ತಿತ್ತು. ಮೊಣಕಾಲು ಹಣ್ಣಾಯಿತು, ಒಂದು ಹಲ್ಲು ಹೋಯಿತು. ಕೊನೆಗೆ ಗಿಳಿಯ ಕಂಬಕ್ಕೆ ಒರಗಿ ಕೂತುಬಿಟ್ಟರು. ಬಚ್ಚಲಿಗೆ ಹೋಗಬೇಕಾದರೆ ಮಾವನನ್ನೋ ನನ್ನನ್ನೋ ಕೂಗುತ್ತಿದ್ದರು. ಕೂಗುವಾಗ ದನಿ ತುಂಬ ಸಣ್ಣ ಮಾಡುತ್ತಿದ್ದರು.

ಅಪ್ಪ ಮಾತ್ರ ಖುಷಿಯಲ್ಲಿದ್ದರು. ದಿನಾ ಸಂಜೆ ಬಂದು ತಂಗಿಯ ಎದುರು ಕೂರುವರು. ಯಾರು ಮನೆ ನೋಡಲು ಬಂದರೂ ಕಂಬ ಬಿಚ್ಚಿದ ಕಥೆ ಮೊದಲಿಂದ ಹೇಳುವರು. ಮಾಮಿ ಪ್ರತಿ ಸಲವೂ ಹೊಸದಾಗಿ ಕೇಳುವವರ ಹಾಗೆ ಹೂಂಗುಟ್ಟುವರು. ನಾನು ಒಳಗೆ ಪಾತ್ರೆ ಕುಕ್ಕುತ್ತಿದ್ದೆ.

೧೯೬೧ರ ಏಪ್ರಿಲಿನಲ್ಲಿ ಜಯವರ್ಮರ ಸೋದರಸೊಸೆ ತ್ರಿಶಲಾಳ ಮದುವೆಗೆಂದು ನಾವು ನಾಲ್ವರೂ ಮೂಡಬಿದಿರೆಗೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಜತ್ತಪ್ಪ ಸಿಕ್ಕಿದ. ಈ ಮಳೆಗೆ ಬೀಡಿನ ಅಡಿಸ್ಥಳವನ್ನು ಅಗೆದು ತೆಂಗಿನ ಗುಂಡಿ ಮಾಡುತ್ತೇನೆ, ಒಡೆಯರು ಒಪ್ಪಿದ್ದಾರೆ ಎಂದ. ಮಾಮಿ ಅನ್ನ ಕಲಸುವುದನ್ನು ನಿಲ್ಲಿಸಿದರು. ಹಿಂದೆ ಬರುವಾಗ ಬಸ್ಸು ಗುರುವಾಯನಕೆರೆ ಮುಟ್ಟಿದ ಕೂಡಲೇ, "ಅಣ್ಣ, ಇಲ್ಲಿ ಇಳಿಯುವ. ಒಂದು ಸಲ ಬೀಡಿಗೆ ಹೋಗಿ ಬರುವ" ಎಂದರು.

"ಅಲ್ಲಿ ಏನುಂಟು ಮಾರಾಯ್ತಿ? ಬರೀ ಪಂಚಾಂಗ ಉಂಟು" ಎಂದರು ಅಪ್ಪ. ಮನೆಯ ಅಡಿಗಟ್ಟಿಗೆ ನಮ್ಮಲ್ಲಿ ಪಂಚಾಂಗ ಎನ್ನುತ್ತಾರೆ.

"ಇರಲಿ. ಹೋಗುವ."

ಮಧ್ಯಾಹ್ನದ ಬಿಸಿಲು. ಒಣಗಿದ ಗದ್ದೆಯ ಅಂಚಿನ ಹುಣಿಯ ಮೇಲೆ ಮಾವನ ಭುಜ ಹಿಡಿದು ಮಾಮಿ ಎಡವುತ್ತಾ ಬಂದರು. ಬೀಡಿದ್ದಲ್ಲಿ ಕೆಂಪುಕಲ್ಲಿನ ಪಂಚಾಂಗ, ಅದರ ಮೇಲೆ ಬಿರುಕುಬಿಟ್ಟ ಕರಿ ನೆಲ, ಸಂದಿಗಳಲ್ಲಿ ಮುಟ್ಟಿದರೆ ಮುನಿ ಗಿಡ ಬೆಳೆದಿತ್ತು. ಗೋಡೆಯಿಲ್ಲ, ಮಾಡಿಲ್ಲ. ಹಿಂದೆ ಬಾವಿಕಟ್ಟೆ ಮಾತ್ರ ಹಾಗೇ ಇತ್ತು.

ಮೆಟ್ಟಿಲಿನ ಕಲ್ಲಿಗೆ ಕಾಲು ತಾಗಿದ್ದೇ ತಡ, ಮಾಮಿ ಮಾವನ ಭುಜ ಬಿಟ್ಟರು. ಅಪ್ಪ ಹಿಡಿಯಲು ಓಡಿದರು. ಮಾವ ಅಡ್ಡ ಕೈ ಹಾಕಿ ತಡೆದರು.

ಮಾಮಿ ಮೆಟ್ಟಿಲು ಹತ್ತಿದರು. ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ, ಚಾವಡಿ ದಾಟಿದರು. ಎಡಕ್ಕೆ ತಿರುಗಿ ತಲೆ ಬಗ್ಗಿಸಿದರು, ಮೊಣಕಾಲೆತ್ತರಕ್ಕೆ ಕಾಲೆತ್ತಿ ಇಲ್ಲದ ಹೊಸ್ತಿಲನ್ನು ದಾಟಿದರು. ನಡುಮನೆಯಲ್ಲಿ ನಾಲ್ಕು ಹೆಜ್ಜೆ ಸರಸರನೆ ನಡೆದರು. ಪುನಃ ತಲೆ ಬಗ್ಗಿತು, ಪುನಃ ಕಾಲು ಎದ್ದಿತು. ಅಡುಗೆಮನೆಯಲ್ಲಿ ಒಲೆಯ ಬದಿ ಬಳಸಿ ಹೋದರು, ಹಿಂದಿನ ಎರಡು ಮೆಟ್ಟಿಲನ್ನು ತಡವರಿಸದೆ ಇಳಿದರು, ಬಾವಿಕಟ್ಟೆಗೆ ಹೋಗಿ ಅದರ ಅಂಚಿನ ಮೇಲೆ ಕೈಯಿಟ್ಟು ನಿಂತರು. ಎರಡು ವರ್ಷದಲ್ಲಿ ಅವರು ಹೀಗೆ ನಡೆದದ್ದನ್ನು ನಾನು ಕಂಡಿರಲಿಲ್ಲ. ಮದುಮಗಳ ಹಾಗೆ ಮುಖ ಕೆಂಪಾಗಿತ್ತು.

ಅಪ್ಪನ ಬಾಯಿ ತೆರೆದೇ ಇತ್ತು. "ಭಾವ, ಅವಳಿಗೆ ಕಣ್ಣು ಬಂತಾ?" ಎಂದರು.

"ಇಲ್ಲ ಭಾವ."

"ಮತ್ತೆ ಹೇಗೆ ನಡೆಯುತ್ತಾಳೆ?"

"ಇಲ್ಲಿ ಅವಳಿಗೆ ಕಣ್ಣು ಬೇಡ. ಅದಕ್ಕೇ ಈ ಮನೆ ಬೇಕು ಅಂದದ್ದು."

ಅಪ್ಪ ಮಾವನ ಮುಖ ನೋಡಿದರು, ನನ್ನ ಮುಖ ನೋಡಿದರು. ನಾನು ಅಳುತ್ತಿದ್ದೆ. ಅವರಿಗೆ ಎಲ್ಲ ಒಮ್ಮೆಲೇ ಅರ್ಥವಾಗುವುದು ಕಣ್ಣಿಗೆ ಕಾಣುತ್ತಿತ್ತು. ಹೊಸ್ತಿಲು ಸೀಳಿಸಿದ್ದು, ದಾರಂದ ಎತ್ತರಿಸಿದ್ದು, ಒಂದು ಗೂಟ ಬಿಡದೆ ತಂದದ್ದು. ಹೆಗಲ ಶಾಲನ್ನು ತೆಗೆದು ಬಾಯಿಗೆ ಒತ್ತಿಕೊಂಡರು. "ನನಗೆ ಯಾಕೆ ಹೇಳಲಿಲ್ಲ ಭಾವ?" ಎಂದದ್ದು ಶಾಲಿನೊಳಗೇ ಉಳಿಯಿತು. 

ಅಷ್ಟರಲ್ಲಿ ಮಾಮಿ ಬಾವಿಕಟ್ಟೆಯಿಂದ ವಾಪಸು ಅಡುಗೆಮನೆಗೆ ಬಂದು, ನಡುಮನೆಗೆ ದಾಟಿ, ಚಾವಡಿಯ ಕಡೆಗೆ ಮುಖ ಮಾಡಿ ನಿಂತಿದ್ದರು. ಮನೆಯ ಯಜಮಾನಿ ನೆಂಟರನ್ನು ಕರೆಯುವ ದನಿ. ಆ ದನಿಯನ್ನು ಮಡಂತ್ಯಾರಿನಲ್ಲಿ ನಾನು ಒಂದು ದಿನವೂ ಕೇಳಿದ್ದಿಲ್ಲ.

"ಯಾಕೆ ಹೊರಗೆ ನಿಂತಿದ್ದಿ ಅಣ್ಣ? ಒಳಗೆ ಬಾ. ಬಾಗಿಲು ಗಿಡ್ಡ ಉಂಟು, ತಲೆ ಬಗ್ಗಿಸಿ ಬಾ."

ಅಪ್ಪ ಚಪ್ಪಲಿ ಕಳಚಿಟ್ಟು ಮೆಟ್ಟಿಲು ಹತ್ತಿದರು. ಆ ದಾರಂದವನ್ನು ತಮ್ಮ ಕೈಯಾರೆ ಕಿತ್ತವರು ಅವರೇ. ಉರಿಯುವ ಬಿಸಿಲಿನಲ್ಲಿ, ಮೇಲೆ ಆಕಾಶವಲ್ಲದೆ ಏನೂ ಇಲ್ಲದ ಕಡೆ, ತಲೆ ಬಗ್ಗಿಸಿ, ಕಾಲನ್ನು ಎತ್ತರಕ್ಕೆ ಎತ್ತಿ ದಾಟಿ, ತಂಗಿಯ ಮನೆಯೊಳಗೆ ಹೋದರು.